ನೂರಮೂವತ್ತನಾಲ್ಕಕ್ಕೆ ಚಪ್ಪಾಳೆ

ಅಬೆಯೊಕುಟ ಊರಿನ ಸಿಕಲ್ ಸೆಲ್ ಸಂಘದಲ್ಲಿ ಚಪ್ಪಾಳೆಯ ಪದ್ಧತಿ ತಂದವಳು ಅವೆರೊ. ಅದರ ಪುಣ್ಯವೂ ಅವಳದೇ, ಪಾಪವೂ ಅವಳದೇ.

ತಿಂಗಳ ಮೊದಲ ಶನಿವಾರ ಚರ್ಚಿನ ಹಿಂದಿನ ಹಜಾರದಲ್ಲಿ ಮೂವತ್ತು ನಲವತ್ತು ಜನ ಸೇರುತ್ತಿದ್ದರು. ಎಲ್ಲರದೂ ಒಂದೇ ಬಗೆಯ ರಕ್ತ, ಎಸ್‌ಎಸ್. ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ ಮೂಳೆಯನ್ನೂ ಹಿಂಡುವ ರಕ್ತ. ಊರಿನ ಆರೋಗ್ಯವಂತರನ್ನೆಲ್ಲ ಅವರು 'ಎಎಗಳು' ಎಂದು ಕರೆಯುತ್ತಿದ್ದರು. ಎಎಗಳೆಂದರೆ ಮಳೆಯಲ್ಲಿ ನೆನೆದು ಬಂದರೂ ಆಸ್ಪತ್ರೆ ಸೇರದ ಅದೃಷ್ಟವಂತರು. ನರ್ಸ್ ಬಾಮಿಡೆಲೆ ಒಬ್ಬೊಬ್ಬರ ತೋಳಿಗೂ ಪಟ್ಟಿ ಸುತ್ತಿ, ಬಿಪಿ ನೋಡಿ, ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದ. ನೂರು–ಅರವತ್ತು, ತೊಂಬತ್ತೈದು–ಐವತ್ತೈದು. ಈ ರಕ್ತದವರ ಬಿಪಿ ಯಾವತ್ತೂ ತಗ್ಗೇ. ಹದಿನೈದು ವರ್ಷದ ಹಿಂದೆ ಯಾರದೋ ಅಂಕಿ ನೂರಿಪ್ಪತ್ತು–ಎಂಬತ್ತು ಮುಟ್ಟಿದಾಗ, "ನೋಡ್ರೋ, ಇವನು ಎಎ ಆಗ್ಬಿಟ್ಟ!" ಎಂದು ಅವೆರೊ ಚಪ್ಪಾಳೆ ತಟ್ಟಿದ್ದಳು. ಅಂದಿನಿಂದ ಅದೇ ಶಾಸ್ತ್ರವಾಯಿತು. ಅಂಕಿ ಎಎಗಳ ಮಟ್ಟಕ್ಕೆ ಬಂದರೆ ಹಜಾರವೆಲ್ಲ ಚಪ್ಪಾಳೆ, ಆ ಭಾಗ್ಯವಂತರು ಎದ್ದು ಎರಡು ಹೆಜ್ಜೆ ಕುಣಿಯಲೇಬೇಕು. ಬಾಮಿಡೆಲೆಯೂ ಪಟ್ಟಿ ಕೆಳಗಿಟ್ಟು ತಟ್ಟುತ್ತಿದ್ದ. ಪುಸ್ತಕದಲ್ಲಿ ಸರಿಯೆಂದು ಬರೆದ ಅಂಕಿ ಎಲ್ಲರಿಗೂ ಸರಿ ಎಂದೇ ಅವನು ಕಲಿತಿದ್ದ.

ಅವೆರೊಗೆ ಈಗ ಮೂವತ್ತೊಂಬತ್ತು. ಇಟೊಕು ಸಂತೆಯ ಹಿಂದೆ ಅವಳದೊಂದು ಬಣ್ಣದ ಅಂಗಳವಿತ್ತು. ಬಟ್ಟೆಗೆ ಮರಗೆಣಸಿನ ಗಂಜಿಯಿಂದ ಚಿತ್ತಾರ ಬರೆದು ನೀಲಿಯಲ್ಲಿ ಅದ್ದುವುದು ಅವಳ ಕಸುಬು, ಮೊಣಕೈವರೆಗೂ ಕೈ ನೀಲಿ. ಇವಳು ಇಪ್ಪತ್ತೊಂದು ದಾಟುವುದಿಲ್ಲ ಎಂದಿದ್ದ ಡಾಕ್ಟರರೇ ತೀರಿಕೊಂಡಾಗ, ಆ ಮನೆಯವರೆಲ್ಲ ಅಂತ್ಯಕ್ರಿಯೆಯಲ್ಲಿ ಒಂದೇ ಬಣ್ಣ ಉಟ್ಟು ನಿಲ್ಲಲು ಬಟ್ಟೆ ಅದ್ದಿಕೊಟ್ಟವಳೂ ಇವಳೇ. ಈ ಕಥೆಯನ್ನು ಸಂಘದಲ್ಲಿ ನೂರು ಸಲವಾದರೂ ಹೇಳಿದ್ದಳು, ಕೊನೆಗೊಂದು ಬಾಲ ಸೇರಿಸಿ: "ಈ ರಕ್ತಕ್ಕೆಂದು ಅವರು ಬರೆದುಕೊಟ್ಟ ಕ್ಯಾಪ್ಸೂಲ್ ಒಂದನ್ನೂ ನಾನು ನುಂಗಿಲ್ಲ. ನೀರು ಕುಡಿದೆ, ಬೆಚ್ಚಗಿದ್ದೆ, ದೇವರನ್ನ ಬೈದೆ. ಅಷ್ಟೇ." ಹುಡುಗರು ನಗುತ್ತಿದ್ದರು, ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಅವೆರೊಗಂತೂ ಬೇಕಿತ್ತು.

ಆ ಶನಿವಾರ ಬಾಮಿಡೆಲೆ ಅವಳ ಅಂಕಿ ಕೂಗಿದ. "ನೂರಮೂವತ್ತನಾಲ್ಕು–ಎಂಬತ್ತಾರು!"

ಹಜಾರ ಎದ್ದು ನಿಂತಿತು. ಅವೆರೊ ಎರಡಲ್ಲ, ಆರು ಹೆಜ್ಜೆ ಕುಣಿದಳು. ಕೈ ಕಟ್ಟಿಕೊಂಡು ನಿಂತವಳು ಒಬ್ಬಳೇ. ರಕ್ತನಾಳ ನೋಡುವ ಸಣ್ಣ ಸ್ಕ್ಯಾನಿಂಗ್ ಯಂತ್ರ ಹೊತ್ತು ಅಂದು ಹೊಸದಾಗಿ ಬಂದಿದ್ದ ಡಾಕ್ಟರ್ ಒಮೊಲಾರಾ.

"ನಿಮ್ಮ ಕುಣಿತ ಮುಗಿದಿದ್ರೆ ಸ್ವಲ್ಪ ಈ ಕಡೆ ಬನ್ನಿ," ಎಂದು ಅವಳನ್ನು ಪರದೆಯ ಹಿಂದೆ ಕರೆದಳು.

ಕತ್ತಿಗೆ ತಣ್ಣನೆಯ ಅಂಟು ಹಚ್ಚಿ, ಯಂತ್ರದ ತುದಿಯನ್ನು ಆಡಿಸುತ್ತ ಬಹಳ ಹೊತ್ತು ಯಂತ್ರದ ತೆರೆಯನ್ನೇ ನೋಡಿದಳು. ಡಾಕ್ಟರು ಅಷ್ಟು ಹೊತ್ತು ಒಂದೇ ಜಾಗ ನೋಡಿದರೆ ಅದು ಒಳ್ಳೆಯ ಸುದ್ದಿಯಲ್ಲ ಎಂದು ಆಸ್ಪತ್ರೆಯಲ್ಲೇ ಬೆಳೆದವಳಿಗೆ ಹೇಳಿಕೊಡಬೇಕೇ?

"ಹತ್ತು ವರ್ಷದ ಹಿಂದೆ ಬಿಪಿ ಎಷ್ಟಿತ್ತು?"

"ನೂರು–ಅರವತ್ತು. ಈಗ ಸರಿ ಹೋಗಿದೆಯಲ್ಲ ಡಾಕ್ಟರಮ್ಮಾ."

"ಸರಿ ಹೋಗಿಲ್ಲ. ನಿಮ್ಮ ರಕ್ತಕ್ಕೆ ಆ ನೂರೇ ಸರಿ. ಎಎಗಳ ಅಂಕಿ ನಿಮ್ಮ ಮೈಗೆ ಹೆಚ್ಚು. ಇಲ್ನೋಡಿ, ಕತ್ತಿನ ನಾಳದ ಒಳಪದರ ದಪ್ಪ ಆಗೋಕೆ ಶುರುವಾಗಿದೆ. ಹೀಗೇ ಬಿಟ್ಟರೆ ಮಿದುಳಿಗೆ ಹೊಡೆಯುತ್ತೆ."

"ಗಂಜಿ ಕುಡಿದ ಬಟ್ಟೆ ಥರ," ಎಂದಳು ಅವೆರೊ.

"ಹೌದು. ಆದ್ರೆ ಇದಿನ್ನೂ ಶುರು. ಬಿಪಿಗೊಂದು ಸಣ್ಣ ಮಾತ್ರೆ, ರಕ್ತಕ್ಕೊಂದು ಕ್ಯಾಪ್ಸೂಲ್. ಇವತ್ತಿಂದ ತಗೊಂಡ್ರೆ ಇಲ್ಲೇ ತಡೆದು ನಿಲ್ಲಿಸಬಹುದು. ಇಷ್ಟು ಬೇಗ ಸಿಕ್ಕಿದ್ದು ನಿಮ್ಮ ಪುಣ್ಯ."

"ಹೊರಗಿರೋರಿಗೆ ಹೇಳಬೇಡಿ."

"ನಿಮ್ಮ ವಿಷಯ ನಾನು ಹೇಳಲ್ಲ. ಆ ಚಪ್ಪಾಳೆ ಕಥೆ ಮಾತ್ರ ಇವತ್ತೇ ಹೇಳಿಬಿಡ್ತೀನಿ."

"ಬೇಡ. ಅದನ್ನ ಶುರು ಮಾಡಿದ್ದು ನಾನು. ನಾನೇ ನಿಲ್ಲಿಸ್ತೀನಿ."

ಒಮೊಲಾರಾ ಹೊಸಬಳು, ನಂಬಿದಳು. ಅವೆರೊ ನಿಲ್ಲಿಸಲಿಲ್ಲ. ಆ ದಿನ ಬಾಯಿ ಬರಲಿಲ್ಲ, ಮರುದಿನ ಧೈರ್ಯ ಬರಲಿಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಔಷಧಿ ಚೀಟಿಯನ್ನು ತಲೆವಸ್ತ್ರದ ಮಡಿಕೆಗೆ ಸಿಕ್ಕಿಸಿಕೊಂಡು ಹೋದವಳು ಔಷಧಿ ಅಂಗಡಿಯ ಮುಂದೆ ಮೂರು ಸಲ ನಡೆದಳು, ಮೂರು ಸಲವೂ ಮೆಣಸಿನಕಾಯಿ ಕೊಂಡು ಮನೆಗೆ ಬಂದಳು. ತಾನೇ ಕ್ಯಾಪ್ಸೂಲ್ ನುಂಗಿದರೆ ಆ ಮೂವತ್ತು ನಲವತ್ತು ಜನ ಯಾರ ಮುಖ ನೋಡಿ ಬದುಕಬೇಕು? ಹೀಗೆಂದು ತನಗೆ ತಾನೇ ಹೇಳಿಕೊಂಡಳು. ಅರ್ಧ ನಿಜ. ಇನ್ನರ್ಧ ಬರೀ ಜಂಬ, ಅದೂ ಅವಳಿಗೆ ಗೊತ್ತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರಂತೆ ನುಂಗಲೂ ಆಗದೆ ಉಗುಳಲೂ ಆಗದೆ ತಿಂಗಳು ಕಳೆದಳು.

ಮುಂದಿನ ಶನಿವಾರ ಒಮೊಲಾರಾ ಬಂದಿರಲಿಲ್ಲ. ಶಿಶುವಿಹಾರದ ಟೀಚರ್ ಅಯಿಂಕೆಯ ಸರದಿ ಬಂತು. ಇಪ್ಪತ್ಮೂರರ ಹುಡುಗಿ, ಕಡ್ಡಿಯಂಥ ಮೈ, ಹಜಾರ ತುಂಬುವ ದನಿ. ಅವೆರೊ ಎಂದರೆ ಅವಳಿಗೆ ಪ್ರಾಣ. ಈ ಹುಡುಗಿಯ ಅಂಕಿ ಎಂದೂ ನೂರು ದಾಟಿದ್ದಿಲ್ಲ.

"ನೂರಿಪ್ಪತ್ತೆಂಟು–ಎಂಬತ್ತೆರಡು!"

ಚಪ್ಪಾಳೆ ಬಿತ್ತು. ಅಯಿಂಕೆ ಎರಡೂ ಕೈ ಎತ್ತಿ ಕುಣಿದಳು. "ಅಕ್ಕಾ, ನೋಡು, ನಾನೂ ನಿನ್ನ ಹಾಗಾದೆ! ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕ್ಯಾಪ್ಸೂಲ್ ಡಬ್ಬೀನ ಮೊನ್ನೆ ಕಸಕ್ಕೆ ಎಸೆದೆ. ನಮ್ಮಮ್ಮ ಕೂಗಾಡಿದ್ಲು. ಅವೆರೊ ಅಕ್ಕ ನುಂಗಿದ್ಲಾ ಅಂತ ಕೇಳಿದೆ, ಬಾಯಿ ಮುಚ್ಕೊಂಡ್ಲು!"

"ಕೈಯಲ್ಲಿ ಸೀಮೆಸುಣ್ಣ ನಿಲ್ಲಲ್ಲ, ಆದ್ರೂ ಕುಣಿತಕ್ಕೇನೂ ಕಮ್ಮಿಯಿಲ್ಲ," ಎಂದು ಅವಳ ಪಕ್ಕದವಳು ರೇಗಿಸಿದಳು.

"ಏನು ಸೀಮೆಸುಣ್ಣ?" ಎಂದಳು ಅವೆರೊ.

"ಏನಿಲ್ಲಕ್ಕಾ. ಈ ವಾರ ಎರಡು ಸಲ ಬೋರ್ಡ್ ಮೇಲೆ ಬರೀತಾ ಬರೀತಾ ಕೈ ಸತ್ತ ಹಾಗಾಗಿ ಜಾರಿಬಿತ್ತು. ಐದು ನಿಮಿಷಕ್ಕೆ ಸರಿ ಹೋಯ್ತು. ಮಕ್ಕಳು ನಗಾಡ್ಬಿಟ್ರು."

ಮಿದುಳಿಗೆ ಹೊಡೆಯುತ್ತೆ ಎಂದ ಡಾಕ್ಟರಮ್ಮನ ಮಾತು ಅವೆರೊಗೆ ನೆನಪಾಯಿತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ನಿಲ್ಲಿಸ್ರೋ!" ಎಂದು ಚೀರಿದಳು. "ಕೈ ಕೆಳಗಿಳಿಸಿ! ಬಾಮಿಡೆಲೆ, ನೀನೂ!"

ಹಜಾರ ತಬ್ಬಿಬ್ಬಾಯಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ. ಈ ಅಂಕಿ ನಮಗೆ ಒಳ್ಳೇದಲ್ಲ. ನಮ್ಮ ರಕ್ತಕ್ಕೆ ತಗ್ಗೇ ಸರಿ. ಏರಿದ್ರೆ ಒಳಗೆ ನಾಳ ಕೆಡ್ತಿದೆ ಅಂತ ಅರ್ಥ. ಈ ಹುಡುಗೀನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಅಯಿಂಕೆಯ ಮುಖ ಕೆಂಡವಾಯಿತು. "ಓಹೋ! ನೀನು ಏರಿದ್ರೆ ಕುಣಿತ, ನಾನು ಏರಿದ್ರೆ ಆಸ್ಪತ್ರೆ. ಇಷ್ಟು ಹೊಟ್ಟೆಕಿಚ್ಚಾ ಅಕ್ಕಾ ನಿಂಗೆ?"

ಅವೆರೊ ತಲೆವಸ್ತ್ರ ಬಿಚ್ಚಿ, ಬೆವರಿಗೆ ಮೆತ್ತಗಾಗಿದ್ದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. "ನನ್ನದೂ ಕೆಟ್ಟಿದೆ ಕಣೇ. ಕತ್ತಿನ ನಾಳ ದಪ್ಪ ಆಗ್ತಿದೆ. ಡಾಕ್ಟರಮ್ಮ ತಿಂಗಳ ಹಿಂದೆ ಬರೆದುಕೊಟ್ಟ ಚೀಟಿ ಇದು. ನಾನು ತಗೊಳ್ಳಲಿಲ್ಲ. ನಿಮಗ್ಯಾರಿಗೂ ಹೇಳಲಿಲ್ಲ. ನಿಮ್ಮ ಚಪ್ಪಾಳೆ ರುಚಿ ಹತ್ತಿತ್ತು ನನಗೆ."

"ಒಂದು ತಿಂಗಳಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಡಬ್ಬಿ ಎಸೆದು ಇನ್ನೂ ಒಂದು ವಾರ ಆಗಿಲ್ಲ ಅಕ್ಕಾ."

ಮೂಲೆಯಲ್ಲಿದ್ದ ಒಬ್ಬ ತಾಯಿ ಎದ್ದು ಮಗನ ಕೈ ಹಿಡಿದು ಅವೆರೊ ಕಡೆ ನೋಡದೆ ಹೊರಟುಹೋದಳು. ಬಾಮಿಡೆಲೆ ಅಯಿಂಕೆಯನ್ನು ಕೂರಿಸಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದ. ಅವೆರೊ ಕುರ್ಚಿಗಳನ್ನು ಒಬ್ಬಳೇ ಜೋಡಿಸಿಟ್ಟಳು. ಮನೆದಾರಿಯಲ್ಲಿ ಔಷಧಿ ಅಂಗಡಿಗೆ ಹೋದಳು, ಈ ಸಲ ಮೆಣಸಿನಕಾಯಿಯ ನೆನಪಾಗಲಿಲ್ಲ.

ಅಯಿಂಕೆಯ ಸುದ್ದಿ ತಂದವನು ಬಾಮಿಡೆಲೆ. ಮಿದುಳಿನ ಒಂದು ನಾಳ ಕಿರಿದಾಗಿತ್ತು, ರಕ್ತ ಅದರೊಳಗೆ ಅವಸರದಿಂದ ನುಗ್ಗುತ್ತಿತ್ತು. ಕೈ ಸೋತದ್ದು ಅದರದೇ ಎಚ್ಚರಿಕೆ. ರಕ್ತ ಬದಲಾಯಿಸಿದ್ದರು, ಏನೂ ಶಾಶ್ವತವಾಗಿ ಹೋಗಿರಲಿಲ್ಲ. "ಇನ್ನೊಂದು ತಿಂಗಳು ಬಿಟ್ಟು ಬಂದಿದ್ರೆ ಬೇರೆ ಮಾತಾಡ್ತಿದ್ದೆ ಅಂದ್ರು ಡಾಕ್ಟರ್ ಒಮೊಲಾರಾ," ಎಂದು ಹೇಳಿ ಅವನು ಚಪ್ಪಾಳೆ ತಟ್ಟಿದ್ದ ತನ್ನ ಅಂಗೈಗಳನ್ನು ನೋಡಿಕೊಂಡ. ಅವೆರೊ ಅಂಗಳದ ಹಿಂದೆ ಹೋಗಿ ಮನಸಾರೆ ಅತ್ತಳು. ಸಂತೋಷಕ್ಕೂ ಅತ್ತಳು, ನಾಚಿಕೆಗೂ ಅತ್ತಳು. ಆಸ್ಪತ್ರೆಗೆ ಎರಡು ಸಲ ಹೋದಳು, ಎರಡು ಸಲವೂ ಅಯಿಂಕೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮೂರನೆಯ ವಾರ, ಬೆಳಗಿನ ಏಳು ಗಂಟೆ. ಅವೆರೊ ಬಣ್ಣದ ಹಂಡೆ ಕಲಕುತ್ತಿದ್ದಾಗ ಅಯಿಂಕೆ ಶಾಲೆಯ ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಬಂದಳು. ನಮಸ್ಕಾರವಿಲ್ಲ, ಹಿರಿಯರಿಗೆ ಮಂಡಿಯೂರಿ ವಂದಿಸುವ ರೂಢಿಯನ್ನೂ ಬಿಟ್ಟಿದ್ದಳು.

"ನಿನ್ನ ಮಾತ್ರೆ ಎಲ್ಲಿ?"

"ತಗೋತಿದ್ದೀನಿ ಕಣೇ, ಅವತ್ತಿಂದಲೇ—"

"ನಿನ್ನ ಮಾತು ಯಾರು ನಂಬ್ತಾರೆ? ತಗೊಂಡು ಬಾ."

ಅವೆರೊ ನೀಲಿ ಕೈ ಒರೆಸಿಕೊಂಡು ಒಳಗೆ ಹೋಗಿ ತಂದಳು. ತಂದವಳು ನೀರು ಕುಡಿದು ನುಂಗಿದಳು.

"ಬಾಯಿ ತೆಗಿ."

ತೆಗೆದಳು.

"ನಾಲಿಗೆ ಎತ್ತು. ನಾನು ಮಕ್ಕಳ ಟೀಚರು, ನಾಲಿಗೆ ಕೆಳಗೆ ಏನೇನು ಬಚ್ಚಿಡ್ತಾರೆ ಅಂತ ನನಗೆ ಗೊತ್ತು."

ಮೂವತ್ತೊಂಬತ್ತರ ಹೆಂಗಸು, ಸಂಘದ ಹಿರಿಯಳು, ನಡು ಅಂಗಳದಲ್ಲಿ ನಾಲಿಗೆ ಎತ್ತಿ ನಿಂತಳು. ಗಂಜಿ ಬಳಿಯುತ್ತಿದ್ದ ಹೆಂಗಸರಿಬ್ಬರು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಅಯಿಂಕೆ ಬಗ್ಗಿ ನೋಡಿ ತೃಪ್ತಳಾಗಿ, ತನ್ನ ಚೀಲದಿಂದ ಡಬ್ಬಿ ತೆಗೆದು, ಅದೇ ಲೋಟದ ನೀರಲ್ಲಿ ತನ್ನ ಕ್ಯಾಪ್ಸೂಲ್ ನುಂಗಿದಳು. ತಾನೂ ನಾಲಿಗೆ ಎತ್ತಿ ತೋರಿಸಿದಳು.

"ನಾಳೆ ಇದೇ ಹೊತ್ತಿಗೆ ಬರ್ತೀನಿ. ನಾಡಿದ್ದೂ ಬರ್ತೀನಿ."

"ಹಾಗಾದ್ರೆ ನನ್ನ ಮೇಲಿನ ಕೋಪ ಇಳೀತಾ?" ಎಂದು ಅವೆರೊ ಅಳುಕುತ್ತಲೇ ಕೇಳಿದಳು.

"ಎಲ್ಲಿಂದ ಇಳಿಯುತ್ತೆ? ನಿನ್ನನ್ನ ಬೈಯೋಕೆ ಇನ್ನೂ ಮೂವತ್ತು ವರ್ಷದ ಮಾತು ಬಾಕಿಯಿದೆ," ಎಂದಳು ಅಯಿಂಕೆ, ಚೀಲ ಸರಿಪಡಿಸಿಕೊಳ್ಳುತ್ತ. "ಅದೆಲ್ಲ ಮುಗಿಯೋವರೆಗೂ ನೀನು ಸಾಯೋ ಹಾಗಿಲ್ಲ."