ಬೆನ್ನ ಮೇಲಿನ ಪಟ್ಟಿ

ವೇದಾ ಮಗುವಿನ ಅಂಗಿಗಳನ್ನು ಮಡಿಸುತ್ತಿದ್ದಳು. ಮಡಿಸಿಟ್ಟ ಒಂದೊಂದನ್ನೂ ಅತ್ತೆ ಸರೋಜಿನಿ ಎರಡು ಬೆರಳಲ್ಲಿ ಎತ್ತಿ ಮತ್ತೆ ವಾಷಿಂಗ್ ಮೆಷಿನ್ನಿಗೆ ಹಾಕುತ್ತಿದ್ದರು.

ತೊಂಬತ್ತಾರರಲ್ಲಿ ಮಗಳು ಹುಟ್ಟಿದಾಗ ಹೊಕ್ಕುಳಿಗೆ ಹಚ್ಚಲು ಆಸ್ಪತ್ರೆಯವರು ಸ್ಪಿರಿಟ್ ಕೊಟ್ಟಿದ್ದರು. ಹೊಕ್ಕುಳು ಒಣಗಿತು, ಬಾಟಲಿ ಉಳಿಯಿತು. ಬಾಣಂತನಕ್ಕೆಂದು ಮೈಸೂರಿನಿಂದ ಅಮೆರಿಕಕ್ಕೆ ಬಂದಿದ್ದ ಸರೋಜಿನಿ, ಮಗುವನ್ನು ಮುಟ್ಟುವ ಮುಂಚೆ ಅದರಲ್ಲೇ ಕೈ ಒರೆಸಿಕೊಳ್ಳಬೇಕೆಂದು ಸೊಸೆಗೆ ಕಟ್ಟಪ್ಪಣೆ ಮಾಡಿದರು. ವೇದಾಳ ಕೈ ಕೆಂಪಾಯಿತು, ಬಿರಿಯಿತು, ರಸಿಗೆ ಸೋರಿತು. ಕೈ ಕೆಟ್ಟಷ್ಟೂ ಅತ್ತೆ ಹೆಚ್ಚು ಒರೆಸಿಸಿದರು. ಕೊನೆಗೆ ಅದು ಕಜ್ಜಿ, ಅಂಟುರೋಗ ಎಂದು ಮಗುವನ್ನೇ ಕಿತ್ತುಕೊಂಡರು. ಶನಿವಾರ ತಾವು ಊರಿಗೆ ಹೊರಡುವಾಗ ಮಗುವನ್ನೂ ಕರೆದೊಯ್ಯಲು ಮಗ ಯಶವಂತನಿಂದ ಟಿಕೆಟ್ ಮಾಡಿಸಿದರು.

ಅವರಿದ್ದ ಡುಲುತ್ ಊರಿನ ಚರ್ಮದ ಡಾಕ್ಟರಿಗೆ ಮಾತ್ರ ಸ್ಪಿರಿಟ್ಟಿನ ಮೇಲೆಯೇ ಅನುಮಾನ. ಅಪರೂಪ, ಆದರೆ ಉಂಟು ಎಂದರು. ಸೋಮವಾರ ಅವಳ ಬೆನ್ನಿಗೆ ಸ್ಪಿರಿಟ್, ಸೋಪು, ರಬ್ಬರು ತಾಕಿಸಿದ ಪುಟ್ಟ ಪಟ್ಟಿಗಳನ್ನು ಅಂಟಿಸಿ, ಬುಧವಾರ ತೆಗೆದು ನೋಡುವ ತನಕ ಹನಿ ನೀರೂ ಸೋಕಬಾರದು ಎಂದರು. ಯಾವ ಪಟ್ಟಿಯ ಕೆಳಗೆ ಚರ್ಮ ಕೆಂಪಾಗುತ್ತದೋ ಅದೇ ಕಾರಣ. ಸ್ಪಿರಿಟ್ಟೇ ಎಂದು ತಿಳಿದರೆ ಮಗು ಇಲ್ಲೇ ಇರಲಿ ಎಂದು ಯಶವಂತ್ ಒಪ್ಪಿದ್ದ.

ಮಂಗಳವಾರ ಬೆಳಿಗ್ಗೆ ಬೆನ್ನಿನಲ್ಲಿ ಒಂದೇ ಕಡೆ ಉರಿ ಹತ್ತಿತು. ವೇದಾಳಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಸರೋಜಿನಿ ಬಾಗಿಲಲ್ಲಿ ನಿಂತು, ದಾಯಾದಿ ವೇಣುಗೋಪಾಲ ತೀರಿಕೊಂಡ ಸುದ್ದಿ ಈಗ ಬಂತು ಎಂದರು.

"ಸೂತಕದ ಸ್ನಾನ. ಉಟ್ಟ ಬಟ್ಟೇಲೇ ತಲೆಗೆ ನೀರು ಹಾಕ್ಕೋ."

"ನಾಳೆವರೆಗೂ ತಡೀರಿ ಅತ್ತೆ. ಬೆನ್ನು ಒದ್ದೆ ಆಗ್ಬಾರ್ದು."

"ಸತ್ತೋನು ನಿನ್ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೇಳ್ಕೊಂಡು ಸಾಯ್ಬೇಕಿತ್ತಾ?"

ಯಶವಂತ್ ಷೂ ಲೇಸು ಕಟ್ಟುತ್ತಿದ್ದ. ಸ್ನಾನ ತಾನೇ, ಮುಗಿಸಿಬಿಡು ಎಂದು ತಲೆಯೆತ್ತದೆ ಹೇಳಿ ಆಫೀಸಿಗೆ ಹೋದ. ಅತ್ತೆ ಅವಳನ್ನು ಟಬ್ಬಿನಲ್ಲಿ ಕೂರಿಸಿ, ತಂಬಿಗೆಯಿಂದ ಬೆನ್ನಿಗೇ ಗುರಿಯಿಟ್ಟು ಸುರಿದರು. ಪಟ್ಟಿಗಳು ಕಳಚಿ ನೀರಿನಲ್ಲಿ ತೇಲಿದವು. ಟವೆಲ್ಲಿನಿಂದ ಬೆನ್ನನ್ನು ಗಸಗಸ ಉಜ್ಜಿದವರೂ ಅವರೇ.

ಬುಧವಾರ ಡಾಕ್ಟರು ನೋಡಿದಾಗ ಬೆನ್ನೆಲ್ಲ ಕೆಂಪಾಗಿತ್ತು. ಇದರಿಂದ ಏನೂ ಹೇಳಲಾಗದು, ತಿಂಗಳು ಬಿಟ್ಟು ಮತ್ತೆ ಮಾಡೋಣ ಎಂದರು.

ಶುಕ್ರವಾರ ಯಶವಂತ್ ಸೂಟ್‌ಕೇಸ್ ತುಂಬುತ್ತಿದ್ದಾಗ ಮೈಸೂರಿನಿಂದ ಅವನ ಚಿಕ್ಕಮ್ಮನ ಫೋನ್ ಬಂತು. ಅವನು ಸ್ಪೀಕರ್ ಒತ್ತಿದ. ವೇಣುಗೋಪಾಲನ ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದು ವಾರವಾಯಿತು ಎಂದರು ಚಿಕ್ಕಮ್ಮ.

"ಅವನು ಹೋದ ದಿನಾನೇ ನಿಮ್ಮಮ್ಮಂಗೆ ಫೋನ್ ಮಾಡಿ ಹೇಳಿದ್ನಲ್ಲಪ್ಪಾ."

ಯಶವಂತ್ ಅಮ್ಮನ ಮುಖ ನೋಡಿದ. ಸರೋಜಿನಿ ಮಡಿಲಿನಲ್ಲಿದ್ದ ಮಗುವಿನ ಟೋಪಿ ಸರಿಮಾಡಿದರು. ಅವನು ಫೋನಿಟ್ಟು ಸೂಟ್‌ಕೇಸಿನ ಜಿಪ್ಪು ಎಳೆದ.

ವೇದಾ ಅತ್ತೆಯ ಮುಂದೆ ನೆಲದ ಮೇಲೆ ಕುಳಿತು ಕೇಳಿದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದಳು.

"ಮಗೂನ ಒಂದ್ಸಲ ನನ್ ಕೈಗೆ ಕೊಡಿ, ಅತ್ತೆ."