ಒಂದೇ ಥಾನಿನ ಅಂಗಿ

ಹೆಣ್ಣು ನೋಡಲು ಬಂದು ಕೂತಿದ್ದ ಸುಹಾಸನಿಗೆ ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಇನ್ನೇನು ಹುಡುಗಿ ಅವಲಕ್ಕಿಯ ತಟ್ಟೆ ಹಿಡಿದು ಬರುತ್ತಾಳೆ. ಹುಡುಗಿಯ ಊರಾದ ಕರಾಡ ಮುಟ್ಟುವುದರೊಳಗೆ ಹೆತ್ತ ಆಯಿಗೆ ಎಲ್ಲ ಹೇಳಿಬಿಡುತ್ತೇನೆಂದು ಅವನು ಮಿಲಿಂದನಿಗೆ ಮಾತು ಕೊಟ್ಟಿದ್ದ. ಪುಣೆಯಲ್ಲಿ ಅವರಿಬ್ಬರೂ ವರ್ಷಗಳಿಂದ ಸಂಸಾರ ಹೂಡಿದ್ದರು. ಆಯಿಯ ಪಾಲಿಗೆ ಮಾತ್ರ ಮಿಲಿಂದ ಬಾಡಿಗೆ ಹಂಚಿಕೊಳ್ಳುವ ಗೆಳೆಯ. ದಾರಿಯುದ್ದಕ್ಕೂ ಕಾರು ನಡೆಸುತ್ತ ಮಿಲಿಂದ ಕಾದಿದ್ದ. ಪಕ್ಕದಲ್ಲಿದ್ದ ಸುಹಾಸ ಕೆಮ್ಮಿದ್ದ, ನೀರು ಕುಡಿದಿದ್ದ, ಹಿಂದೆ ಕೂತ ಆಯಿಯೊಡನೆ ಕಬ್ಬಿನ ಮಾತಾಡಿದ್ದ.

"ಅಲ್ರೀ ಪಾವಣ್ಯಾರ, ಇವ್ರು ಯಾರ್ರಿ?" ಹುಡುಗಿಯ ಸೋದರಮಾವ ಮಿಲಿಂದನತ್ತ ಕೈ ತೋರಿದ. "ಇಬ್ಬರ ಅಂಗೀನೂ ಒಂದ ಥಾನಿಂದು! ಬ್ಯಾಂಡ್ ಬಾರಸಾವ್ರಗತೆ ಕಾಣಸ್ತೀರಿ. ನಮ್ಮ ಹುಡುಗಿ ಯಾರನ್ನ ನೋಡಬೇಕ್ರಿ?"

ಜನ ನಕ್ಕರು. ದೀಪಾವಳಿಗೆ ಒಂದೇ ಬಟ್ಟೆಯಲ್ಲಿ ಜೊತೆಯಾಗಿ ಹೊಲಿಸಿದ ಅಂಗಿಗಳು. ಶಾಲೆಯ ಹಿಂದಿನ ಬೆಂಚುಗಳಿಂದ ಬರುತ್ತಿದ್ದ ನಗೆಯೇ ಮತ್ತೆ ಸುಹಾಸನ ಬೆನ್ನಿಗೆ ತಾಗಿದಂತಾಯಿತು.

"ಡ್ರೈವರ್ರಿ," ಎಂದ ಸುಹಾಸ. ಸಾಲದೆಂಬಂತೆ, "ನನ್ನ ಹಂತ್ಯಾಕ ಇಂಥಾವು ಎರಡಿದ್ವು. ಒಂದು ಕೊಟ್ಟೆ."

ಆಯಿ ತಲೆಯೆತ್ತಿ ಮಗನನ್ನು ನೋಡಿದಳು.

"ಹಂಗೇನು! ಏ, ಡ್ರೈವರ್‌ಗ ಹೊರಗ ಕಟ್ಟಿ ಮ್ಯಾಲ ಕೊಡ್ರೆವಾ."

ಮಿಲಿಂದ ಆಗಲೇ ಎದ್ದಿದ್ದ. "ಕುಂದರ್ತೇನ್ರಿ, ಸಾಹೇಬ್ರ," ಎಂದ. ಮಾತು ಮಾವನಿಗಾದರೂ ನೋಡಿದ್ದು ಸುಹಾಸನನ್ನು.

ಹುಡುಗಿ ಬಂದಳು, ತಟ್ಟೆ ಕೊಟ್ಟಳು. ಅವಳ ಮುಖ ನೋಡಲು ಸುಹಾಸನಿಗೆ ಆಗಲಿಲ್ಲ. ಕಿಟಕಿಯಾಚೆ ಮಿಲಿಂದ ತಿಂದ ತಟ್ಟೆಯನ್ನು ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ.

"ಉಪ್ಪು ಕಡಿಮಿ ಆತೇನ್ರಿ?" ಸೋದರಮಾವ ಕೇಳಿದ.

"ಇಲ್ರಿ, ಛಲೋ ಆಗ್ಯಾವ." ಅವನು ಕೊನೆಯ ಅಗುಳಿನವರೆಗೆ ತಿಂದ. ಇನ್ನಷ್ಟು ಬಡಿಸಿದರು. ಅದನ್ನೂ ತಿಂದ.

ಹೊರಡುವಾಗ ಮನೆಯವರೆಲ್ಲ ಗೇಟಿನ ತನಕ ಬಂದರು. ಮಿಲಿಂದ ಕಾರಿನ ಹಿಂಬಾಗಿಲು ತೆರೆದು, ತಲೆ ತಗ್ಗಿಸಿ, ಸುಹಾಸನಿಗಾಗಿ ಹಿಡಿದು ನಿಂತ. ಸುಹಾಸ ಒಳಗೆ ಕೂತ. ಆಯಿ ಮಾತ್ರ ಆ ಬಾಗಿಲಿಗೆ ಬರಲಿಲ್ಲ. ಸೆರಗು ಸಾವರಿಸಿಕೊಂಡು ಸುತ್ತಿ ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಹಿಂದ ಕುಂತ್ರ ನಂಗ ತಲಿ ತಿರಗ್ತದ," ಎಂದಳು. ಬರುವಾಗ ದಾರಿಯುದ್ದಕ್ಕೂ ಹಿಂದೆಯೇ ಕೂತಿದ್ದಳು.

ಊರು ದಾಟಿತು. ಮಿಲಿಂದನ ತೋಳಿಗೆ ಅಂಟಿದ್ದ ಕೊತ್ತಂಬರಿ ಎಲೆಯೊಂದನ್ನು ಆಯಿ ಎರಡು ಬೆರಳಲ್ಲಿ ತೆಗೆದು ಕಿಟಕಿಯಾಚೆ ಬಿಟ್ಟಳು. ಮಿಲಿಂದ ಕೈಯೆತ್ತಿ, ಸುಹಾಸನ ಮುಖ ತುಂಬಿದ್ದ ಕನ್ನಡಿಯನ್ನು ತುಸು ಮೇಲಕ್ಕೆ ತಿರುಗಿಸಿದ. ಈಗ ಅದರಲ್ಲಿ ಹಿಂದಿನ ರಸ್ತೆ ಮಾತ್ರ ಕಾಣುತ್ತಿತ್ತು.