ಹೊನ್ನೆಯ ಬಾಗಿಲು

ಗುರುಶಾಂತಮ್ಮ ಕಂದಿಕೆರೆಯ ಸುತ್ತಮುತ್ತ ಹೆರಿಗೆ ಮಾಡಿಸುತ್ತಲೇ ವಯಸ್ಸು ಕಳೆದ ಸರ್ಕಾರಿ ನರ್ಸು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರೂರಿನ ಒಳಕೋಣೆಗಳೆಲ್ಲ ಅವಳಿಗೆ ಗೊತ್ತು, ತನ್ನದು ಅನ್ನುವ ಮನೆ ಮಾತ್ರ ಇರಲಿಲ್ಲ. ೧೯೭೯ರಲ್ಲಿ ನಿವೃತ್ತಿ ಹತ್ತಿರವಾಗಿ ಸರ್ಕಾರಿ ವಸತಿ ಬಿಡುವ ಹೊತ್ತು ಬಂದಾಗ, ಊರಂಚಿನಲ್ಲಿ ಎರಡು ಕೋಣೆಯ ಹಂಚಿನ ಮನೆಗೆ ಪಾಯ ಹಾಕಿಸಿದಳು.

"ಮರ ನೋಡ್ದೆ ಬಾಗ್ಲು ಮಾಡಕ್ಕಾಗಲ್ಲ ನರ್ಸಮ್ನೋರೆ, ನೀವೇ ಬನ್ನಿ" ಎಂದು ಬಡಗಿ ಕಾಳಾಚಾರಿ ಅವಳನ್ನು ತಿಪಟೂರಿನ ಸಾಮಿಲ್ಲಿಗೆ ಕರೆದುಕೊಂಡು ಹೋದ. ಅರಳಗುಪ್ಪೆಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದ ಅಣ್ಣ ಸದಾಶಿವಯ್ಯನೂ ಅಲ್ಲಿಗೆ ಬಂದ. ಹೆಂಗಸೊಬ್ಬಳು ಮರ ಕೊಳ್ಳುವುದು ಸರಿಯಲ್ಲವೆಂದು ಅವನಿಗೆ ಅನ್ನಿಸಿತ್ತು.

ಕಾಳಾಚಾರಿ ದಿಮ್ಮಿಗಳ ನಡುವೆ ನಿಧಾನ ನಡೆದ. ಬಾಚಿಯ ಹಿಂಬದಿಯಿಂದ ಒಂದೊಂದನ್ನೂ ಬಡಿದು ಕೇಳಿದ.

"ಒಳಗಿನ ಈ ಕಂದುಬಣ್ಣ ನೋಡಿ, ಇದು ಚೇಗು. ಹುಳ ಮುಟ್ಟಲ್ಲ. ಸುತ್ತ ಐತಲ್ಲ ಬಿಳೀದು, ಅದನ್ನ ಸೇರಿಸ್ಕಂಡ್ರೆ ನಾಕು ಮಳೆಗಾಲಕ್ಕೆ ಹಿಟ್ಟಾಯ್ತದೆ. ಮತ್ತಿ ತೊಲೆಗೆ ಸರಿ, ಬಿಸಿಲಿಗೆ ಸೀಳ್ತದೆ. ಕಿಟಕಿಗೆ ಬೇವು ಸಾಕು. ಬಾಗ್ಲಿಗೆ, ಹೊಸ್ತಿಲಿಗೆ ಹೊನ್ನೆ ಹಾಕಾನ. ಆದ್ರೆ ಇದಿನ್ನೂ ಹಸಿ. ಕುಯ್ಸಿ, ಬೇಸಗೆ ಕಳೆಯೋಗಂಟ ನೆರಳಲ್ಲಿ ಒಣಗಿಸ್ಬೇಕು."

"ಅಲ್ಲೀಗಂಟ ಯಾರು ಕಾಯ್ತಾರೆ?" ಎಂದ ಸದಾಶಿವಯ್ಯ. "ನಮ್ಮ ತೋಟದಲ್ಲಿ ಮಾವಿನ ಮರ ಬಿದ್ದೈತೆ. ಅದನ್ನೇ ಕುಯ್ಸಿದ್ರಾಯ್ತು."

"ಮಾವು ಬಾಳಿಕೆ ಬರಲ್ಲ ಕಣ್ರೀ. ಇಪ್ಪತ್ತು ವರ್ಷ ಬಂದ್ರೆ ಹೆಚ್ಚು."

ಸದಾಶಿವಯ್ಯ ನಕ್ಕ. "ಅಷ್ಟು ಸಾಕು ಬುಡಪ್ಪ. ನೀನಿರೋಗಂಟ ಬಂದ್ರೆ ಸಾಲ್ದಾ ಶಾಂತಾ? ನಿನ್ನ ಹಿಂದೆ ಇನ್ಯಾರವ್ರೆ?"

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದದ್ದನ್ನೇ ಹೇಳಿದ್ದ. ಅಷ್ಟರಲ್ಲಿ ಗರಗಸ ತಿರುಗತೊಡಗಿ ಆ ಸದ್ದಿಗೆ ಯಾರೂ ಮಾತನಾಡುವಂತಿರಲಿಲ್ಲ. ಅದೇ ಒಳ್ಳೆಯದಾಯಿತು. ಗುರುಶಾಂತಮ್ಮ ಹೊನ್ನೆಯ ದಿಮ್ಮಿಯ ಹತ್ತಿರ ಹೋಗಿ ಕೊಯ್ದ ಮೈಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಕೈ ತೆಗೆದಾಗ ಅಂಗೈಗೆ ಹಳದಿ ಅಂಟಿತ್ತು. ಅದನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಗರಗಸ ನಿಲ್ಲುವವರೆಗೂ ಅಲ್ಲೇ ನಿಂತಳು.

"ಹೊನ್ನೇನೇ ಕುಯ್ಸಿ ಆಚಾರ್ರೇ."

"ಯಾಕಮ್ಮ ಹಟ?"

"ನಂಗೆ ಬೇಕು ಅನ್ನಿಸ್ತದೆ ಅಣ್ಣಯ್ಯ. ಅಷ್ಟೆ."

ಸದಾಶಿವಯ್ಯ ಬಸ್ ಸ್ಟ್ಯಾಂಡಿನ ಕಡೆ ಮುಂದೆ ಮುಂದೆ ನಡೆದ.

ಹಲಗೆಗಳು ವಸತಿಯ ಹಿಂದಿನ ಚಪ್ಪರಕ್ಕೆ ಬಂದವು. ಗಾಳಿಯಾಡಲೆಂದು ನಡುನಡುವೆ ಪಟ್ಟಿ ಕೊಟ್ಟು ಜೋಡಿಸಿ, ತುದಿ ಸೀಳದಂತೆ ಸಗಣಿ ಮೆತ್ತಿದ್ದ ಕಾಳಾಚಾರಿ. ಭಾನುವಾರ ಬಂತೆಂದರೆ ಗುರುಶಾಂತಮ್ಮ ಅವನ್ನು ಮಗುಚಿ ಹಾಕುವಳು. ಹೊಸ್ತಿಲಿನ ತುಂಡು ಒಬ್ಬಳಿಂದ ಏಳುತ್ತಿರಲಿಲ್ಲ. ಒಂದು ತುದಿ ಎತ್ತಿ ಇಟ್ಟಿಗೆ ಕೊಟ್ಟು, ಸುತ್ತಿ ಬಂದು ಇನ್ನೊಂದು ತುದಿ ಎತ್ತುವಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಕೂಗಿದ್ದರೆ ಬರುತ್ತಿದ್ದರು. ಕೂಗಲಿಲ್ಲ.

ಗೃಹಪ್ರವೇಶಕ್ಕೆ ಅಣ್ಣನ ಮನೆಯವರೆಲ್ಲ ಬಂದರು. ಸದಾಶಿವಯ್ಯ ಬಾಗಿಲ ಮೇಲೆ ಕೈಯಾಡಿಸಿ, "ಚೆನ್ನಾಗಿ ಬಂದೈತೆ ಕಣಮ್ಮ" ಎಂದು ಎರಡು ಸಲ ಹೇಳಿದ. ಊಟ ಮುಗಿಸಿ ಎಲ್ಲರೂ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟರು.

ಆ ಹೊತ್ತಿಗೆ ನಿವೃತ್ತಿಯೂ ಆಗಿತ್ತು. ಆಮೇಲೆ ಆ ಬಾಗಿಲನ್ನು ಯಾರೂ ಬಡಿಯಲಿಲ್ಲ. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಯಾರಾದರೊಬ್ಬರು ಗಾಡಿ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು, ಅರ್ಧ ಉಂಡ ತಟ್ಟೆ ಬಿಟ್ಟು ಅವಳು ಓಡುತ್ತಿದ್ದಳು. ಈಗ ತಟ್ಟೆ ಖಾಲಿಯಾಗುವವರೆಗೂ ಕೂತು ಉಣ್ಣಬಹುದಿತ್ತು. ಅನ್ನ ಮಾತ್ರ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲ ಮೇಲೆ ದಡದಡ ಸದ್ದಾಯಿತು. ಗುರುಶಾಂತಮ್ಮ ಹೆರಿಗೆಯ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆಗೆದಳು. ಗುರುತಿಲ್ಲದ ಗಂಡಸು.

"ಹೊಸಾ ನರ್ಸಮ್ಮನ ಮನೆ ಯಾವ್ದ್ರವ್ವ? ಹೆಂಡ್ರಿಗೆ ನೋವು ಬಂದೈತೆ."

"ಶಾಲೆ ದಾಟಿದ್ರೆ ಬಲಕ್ಕೆ. ಬೇಗ ಹೋಗಪ್ಪ."

ಅವನ ಗಾಡಿ ಶಾಲೆ ದಾಟುವವರೆಗೂ ನೋಡಿದಳು. ಒಳಗೆ ಬಂದು ಚೀಲ ಗೂಟಕ್ಕೆ ಹಾಕಿದ ಮೇಲೆ, ಏನು ಮಾಡಬೇಕೆಂದು ತೋಚದೆ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು.

ಮಳೆ ಹಿಡಿದ ಮೇಲೆ ಕಾಳಾಚಾರಿ ಬಂದ. ಬಾಗಿಲು ಉಬ್ಬಿದ್ದರೆ ಸವರಿ ಹೋಗೋಣವೆಂದು ಉಜ್ಜುಗೊರಡು ತಂದಿದ್ದ. ಎರಡು ಸಲ ತೆಗೆದು ಹಾಕಿ ನೋಡಿದ. ಬಾಗಿಲು ಎಲ್ಲೂ ಹಿಡಿಯಲಿಲ್ಲ.

"ನಂಗಿಲ್ಲಿ ಕೆಲ್ಸಾನೇ ಇಲ್ಲ ನರ್ಸಮ್ನೋರೆ. ಬತ್ತೀನಿ."

"ಆಚಾರ್ರೇ," ಎಂದಳು ಗುರುಶಾಂತಮ್ಮ ಅವಸರದಲ್ಲಿ, "ಜಗಲಿಗೆ ಒಂದು ಬೆಂಚು ಮಾಡ್ಕೊಡ್ತೀರಾ? ಮರ ನೋಡಕ್ಕೆ ತಿಪಟೂರಿಗೆ ಹೋಗಿಬರಾನ."

"ಬೆಂಚಿಗೆ ಅಷ್ಟು ದೂರ ಯಾಕೆ? ಇಲ್ಲೇ ಹಲಸು ಸಿಕ್ತದಲ್ಲ."

ಅವಳು ಬಾಗಿಲನ್ನು ಇನ್ನೊಮ್ಮೆ ಹಾಕಿ ತೆಗೆದಳು. ಆಮೇಲೆ, "ಆಗ್ಲಿ, ಹಲಸೇ ಆಗ್ಲಿ. ಕಾಪಿ ಕುಡ್ಕಂಡು ಹೋಗಿ" ಎಂದಳು.

ಕಾಳಾಚಾರಿಗೆ ಇನ್ನೊಂದು ಮನೆಯ ಕೆಲಸ ಕಾದಿತ್ತು. ಅವಳ ಮುಖ ನೋಡಿ, ಹೆಗಲ ಚೀಲ ಇಳಿಸಿ ಜಗಲಿಯ ಮೇಲೆ ಕೂತ.